ಛಾಯಾಳ ಬಾಯಿ ತೆರೆದ ಮಳೆಗಾಲ

ಸಾಂಗ್ಲಿ ಕಡೆಯ ಮ್ಹೈಸಾಳ ಊರಿನ ಛಾಯಾಗೆ ಬಾಯಿ ತೆರೆಯಲು ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಕಬ್ಬಿನ ಗಾಡಿಯಿಂದ ಗದ್ದ ಕೆಳಗಾಗಿ ಬಿದ್ದಿದ್ದಳು. ಗಾಯವೇನೋ ಮಾಯಿತು, ಆದರೆ ಕಿವಿಯ ಮುಂದಿನ ಕೀಲಿನಲ್ಲಿ ಎಲುಬಿಗೆ ಎಲುಬು ಕೂಡಿಬಿಟ್ಟಿತು. ಅವಳು ಬೆಳೆದರೂ ಕೆಳದವಡೆ ಬೆಳೆಯಲಿಲ್ಲ. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಉಣ್ಣಲೆಂದೇ ಹಲ್ಲು ಕೀಳಿಸಿದ ಸಂದಿಯಿಂದ ಬೆರಳಲ್ಲಿ ಒಳದೂಡುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ. ಎಷ್ಟೋ ಸಲ ತಾಟಿನಲ್ಲಿ ಅರ್ಧ ಉಳಿದಿರುವಾಗಲೇ ಬೆಳಕು ಹೋಗುತ್ತಿತ್ತು. ಅಂಗಾತ ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು.

ಊರೂರಿಗೆ ಫೋನು ಬಂದ ಆ ವರ್ಷಗಳಲ್ಲಿ ಅಣ್ಣ ಧನಪಾಲ ಸಾಂಗ್ಲಿಯಲ್ಲಿ ಎಸ್‌ಟಿಡಿ ಬೂತ್ ಹಾಕಿ ಅದರಲ್ಲಿ ತಂಗಿಯನ್ನು ಕೂಡಿಸಿದ. ಒಬ್ಬ ಗಿರಾಕಿ ಅವಳೆದುರೇ ಧನಪಾಲನನ್ನು ಕೇಳಿದ: "ಈಕಿ ಯಾಕ ಹಲ್ಲ ಕಡಕೋತ ಮಾತಾಡ್ತಾಳ್ರಿ? ನಮ್ಮ ಮ್ಯಾಲ ಸಿಟ್ಟೇನು?"

ಮರುದಿನವೇ ಧನಪಾಲ ಅವಳನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ದ.

"ಇದು ಚಂದ ಕಾಣಾಕ ಮಾಡೂದಲ್ಲವ್ವಾ, ಉಣ್ಣಾಕ, ಉಸರಾಡಾಕ," ಎಂದರು ಡಾಕ್ಟರು. "ಮದಲ ಕೂಡಿದ ಎಲುಬು ಕಡದು ಬಾಯಿ ಬಿಡಸ್ತೀವಿ. ಅದು ಮತ್ತ ಕೂಡದಂಗ ಉಳದ್ರ, ಆಮ್ಯಾಲ ದವಡಿ ಕೊಯ್ದು ಮುಂದ ತರೂನು."

ಮಳೆಗಾಲದಲ್ಲಿ ಆಪರೇಶನ್ ಆಯಿತು. ಬ್ಯಾಂಡೇಜು ಬಿಚ್ಚಿದ ದಿನ ಛಾಯಾ ಆಕಳಿಸಿದಳು. ಅದನ್ನು ನೋಡಿ ತಾಯಿ ಸೋನಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮುಂದೆ ಛಾಯಾ ಬಾಳೆಹಣ್ಣು ಕಚ್ಚಿದಳು, ಬಿಸಿ ಅನ್ನ ಚಮಚದಲ್ಲಿ ಉಂಡಳು. ಕೀಲು ಮತ್ತೆ ಬಿಗಿಯದಂತೆ ದಿನಾಲು ಹಲ್ಲುಗಳ ನಡುವೆ ಮರದ ಬೆಣೆ ಒತ್ತಬೇಕಿತ್ತು. ಕಾದ ಕಬ್ಬಿಣ ತಿವಿದಂಥ ನೋವು.

"ಇವತ್ತೊಂದಿನ ಬ್ಯಾಡ ಬಿಡ," ಎಂದು ಸೋನಾಬಾಯಿ ಕೈ ಹಿಂದೆ ತೆಗೆಯುತ್ತಿದ್ದಳು.

"ಒತ್ತ, ಅವ್ವಾ," ಎನ್ನುತ್ತಿದ್ದಳು ಛಾಯಾ, ಕಣ್ಣೀರು ಹರಿಯುತ್ತಿರುವಾಗಲೇ.

ಅವಳು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಚಳಿಗಾಲದ ಹೊತ್ತಿಗೆ ಬೆಣೆ ಒಳಹೋಗದಾಯಿತು. ಬೇಸಿಗೆಗೆ ಬಾಯಿ ಪೂರಾ ಮುಚ್ಚಿತು. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ನಿಂದೇನೂ ತಪ್ಪಿಲ್ಲವ್ವಾ. ಎಲುಬು ಮತ್ತ ಬೆಳದೇತಿ. ಮುಂಬೈದಾಗ ಇನ್ನೊಮ್ಮಿ ಕಡಸಬಹುದು. ಮತ್ತ ಕೂಡೂದಿಲ್ಲಂತ ಮಾತ್ರ ಹೇಳಾಕ ಬರೂದಿಲ್ಲ."

"ಹೋಗೂನು ನಡಿ," ಎಂದ ಧನಪಾಲ.

ಛಾಯಾ ತಲೆ ಅಲ್ಲಾಡಿಸಿದಳು. "ಮದಲ ಹಸಿವಷ್ಟ ಇತ್ತು, ಅಣ್ಣಾ. ಈಗ ಕಚ್ಚಿ ತಿನ್ನೂದು ಗೊತ್ತಾಗೇದ. ಮತ್ತ ಕೊಟ್ಟು ಕಸಗೊಂಡ್ರ ನನಗ ತಡಿಯೂದಾಗೂದಿಲ್ಲ."

ಅವಳು ಬೂತಿಗೆ ಹಿಂತಿರುಗಲಿಲ್ಲ. ಊರಲ್ಲಿ ಎಲ್ಲರೊಡನೆ ಉಣ್ಣಲು ಕೂಡುವುದನ್ನೂ ಬಿಟ್ಟಳು; ತಾಟು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಗಂಟಲಿಗೆ ಏನಾದರೂ ಸಿಕ್ಕೀತೆಂಬ ಭಯದಿಂದ ಸೋನಾಬಾಯಿ ಹೊರಗೆ ಕಾಯುತ್ತಿದ್ದಳು.

"ಉಂಡೀ ಏನವ್ವಾ?"

ಒಳಗೆ ಛಾಯಾ ಹಾಲಿನಲ್ಲಿ ನೆನೆದ ರೊಟ್ಟಿಯನ್ನು ಮತ್ತೆ ಹಲ್ಲಿನ ಸಂದಿಯಿಂದ ಬೆರಳಲ್ಲಿ ದೂಡುತ್ತಿದ್ದಳು.