ಎನ್‌ಗಾಂಗ್ ಬೆಟ್ಟದಲ್ಲಿ ಸುಸ್ತಾದವರು

ಟೀಚರ್, ಆ ಭಾನುವಾರ ಎನ್‌ಗಾಂಗ್ ಬೆಟ್ಟದಲ್ಲಿ ಏದುಸಿರು ಬಿಡುತ್ತ ಹುಲ್ಲಿನ ಮೇಲೆ ಕುಸಿದು ಕೂತದ್ದು ನಾನು, ನೀವಲ್ಲ. ಕೆಳಗಿಳಿದು ಬಂದು, ನಿಮ್ಮ ಮಗನ ಎದುರು, ಸುಸ್ತಾದದ್ದು ನಿಮಗೆ ಎಂದು ಹೇಳಿದವನೂ ನಾನೇ. ಏಳು ವರ್ಷವಾಯಿತು. ನಿಮಗೆ ತಿಳಿಯದ ಸಂಗತಿಯನ್ನೇನೂ ನಾನು ಹೇಳುತ್ತಿಲ್ಲ — ನಿಮಗೊಬ್ಬರಿಗೇ ತಿಳಿದಿದ್ದ ಸಂಗತಿ ಇದು. ಬರೆಯಲು ಇಷ್ಟು ಕಷ್ಟವಾಗುತ್ತಿರುವುದೂ ಅದಕ್ಕೇ.

ಆಗ ನಾವು ನೈರೋಬಿಯ ಕಿಲಿಮಾನಿ ಬಡಾವಣೆಯ ಒಂದೇ ಕಟ್ಟಡದಲ್ಲಿದ್ದೆವು. ಮೂರನೇ ಮಹಡಿಯಲ್ಲಿ ನೀವು, ನಿಮ್ಮ ಮಗ ಗುರು, ಸೊಸೆ, ಮೊಮ್ಮಗಳು ದಿಯಾ. ಐದನೆಯದರಲ್ಲಿ ನಾನು ಮತ್ತು ನನ್ನ ಹೆಂಡತಿ ರೇಖಾ. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ಬಂದ ನಿಮ್ಮನ್ನು ನೈರೋಬಿಯ ಕನ್ನಡದವರೆಲ್ಲ ವಿಮಲಾ ಟೀಚರ್ ಎಂದೇ ಕರೆಯುತ್ತಿದ್ದರು. ಅಪ್ಪರ್ ಹಿಲ್‌ನ ನನ್ನ ಆಫೀಸಿನವರು ಅಥೆನ್ಸಿಗೆ ಒಂದು ವಾರದ ಸಭೆಗೆ ಕಳಿಸುತ್ತಿದ್ದಾರೆ, ರೇಖಾಳೂ ಬರುತ್ತಾಳೆ, ಊರಿಗೆ ಅಂಟಿಕೊಂಡೇ ಪಾರ್ನಿಥಾ ಎಂಬ ಸುಣ್ಣಕಲ್ಲಿನ ಬೆಟ್ಟವಿದೆಯಂತೆ, ಕೊನೆಯ ದಿನ ಹತ್ತಬೇಕೆಂದಿದ್ದೇವೆ ಎಂದು ಒಂದು ಸಂಜೆ ನಿಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಹೇಳಿದೆ. ನೀವು ಲೋಟ ಕೆಳಗಿಟ್ಟಿರಿ.

"ಸುಣ್ಣಕಲ್ಲು ಮಳೆನೀರನ್ನೆಲ್ಲ ಕುಡಿದುಬಿಡುತ್ತೆ, ಒಳಗೊಳಗೇ ಗುಹೆ ಕೊರೆಯುತ್ತೆ ಅಂತ ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದೆ ಸತೀಶ. ಒಂದು ಸಲಾನೂ ಕಣ್ಣಲ್ಲಿ ನೋಡಿಲ್ಲ."

ನಾನು ಯೋಚಿಸದೆ ಹೇಳಿಬಿಟ್ಟೆ — ನೀವೂ ಬನ್ನಿ ಟೀಚರ್ ಎಂದು.

ಮರುದಿನದಿಂದ ಆ ಪ್ರಯಾಣದ ಯಜಮಾನಿಕೆ ನಿಮ್ಮ ಕೈಗೆ ಹೋಯಿತು. ದಿಯಾಳಿಂದ ಇಂಟರ್ನೆಟ್ಟಿನ ನಕ್ಷೆಗಳನ್ನು ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹರಡಿಕೊಂಡಿರಿ. ಬಸ್ಸು ಎಲ್ಲಿ ಬಿಡುತ್ತದೆ, ಕಮರಿಯ ದಾರಿ ಎಷ್ಟು ಕಡಿದು, ಯಾವ ತಿರುವಿನಿಂದ ನೆರಳು — ಎಲ್ಲವನ್ನೂ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತಿಸಿದಿರಿ. ಅಂಥ ಬೆಟ್ಟದಲ್ಲಿ ಹೊಳೆ ಹುಡುಕಬಾರದು, ನೀರಿನ ಊಟೆ ಎಲ್ಲಿದೆ ಎಂದು ಮೊದಲೇ ತಿಳಿದಿರಬೇಕು, ಕುಡಿಯುವ ನೀರು ಕೆಳಗಿನಿಂದಲೇ ಹೊರಬೇಕು ಎಂದು ನನಗೆ ಪಾಠ ಮಾಡಿದಿರಿ. ಅದರ ತುದಿಯ ಎತ್ತರ ಓದಿ ನಕ್ಕದ್ದು ನೆನಪಿದೆ. ನೈರೋಬಿಯಲ್ಲಿ ನಾವು ಮಲಗುವ ಹಾಸಿಗೆಯೇ ಆ ತುದಿಗಿಂತ ಮೇಲಿದೆಯಲ್ಲೋ ಎಂದಿರಿ. ನಿಮಗೆ ಅರವತ್ಮೂರು. ಬೆಳಗ್ಗೆ ಕರೂರಾ ಕಾಡಿನಲ್ಲಿ ನಡೆಯುವಾಗ ನಾನೇ ನಿಮ್ಮ ಹಿಂದೆ ಓಡೋಡಿ ಬರುತ್ತಿದ್ದೆ.

ಗುರುವಿಗೆ ಮಾತ್ರ ಧೈರ್ಯ ಸಾಲಲಿಲ್ಲ. ಅವನಿಗೆ ರಜೆ ಇರಲಿಲ್ಲ. ಔಷಧ ಕಾರ್ಖಾನೆಯಲ್ಲಿ ತಪಾಸಣೆಯ ಸಮಯ. ಪರದೇಶದ ಬೆಟ್ಟದಲ್ಲಿ ಅಮ್ಮನಿಗೆ ಏನಾದರೂ ಆದರೆ ಎಂಬ ಹೆದರಿಕೆ. ಕೊನೆಗೆ ಒಂದು ಷರತ್ತು ಹಾಕಿದ: ಮೊದಲು ಇಲ್ಲೇ ಹತ್ತಿರದ ಎನ್‌ಗಾಂಗ್ ಹತ್ತಿ ಬನ್ನಿ, ಆಮೇಲೆ ನೋಡೋಣ.

ಹಾಗೆ ಆ ಭಾನುವಾರ ನಾವಿಬ್ಬರು ಹತ್ತಿದೆವು. ಗುರು ಮತ್ತು ರೇಖಾ ಕಾರಿನ ಹತ್ತಿರ ಕೆಳಗೇ ಉಳಿದರು. ಮೂರನೆಯ ಗುಡ್ಡ ಏರುವಾಗ ನನ್ನ ಎದೆ ಬಿಗಿಯಿತು, ಕಣ್ಣು ಮಂಜಾಯಿತು. ಜೊತೆಗೆ ಬಂದಿದ್ದ ಅರಣ್ಯ ರಕ್ಷಕ ನನ್ನ ತೋಳು ಹಿಡಿದು, ಪೋಲೆ ಪೋಲೆ, ನಿಧಾನ ಎಂದ. ನೀವು ಅವನ ಎದುರು ನನಗೆ ಅವಮಾನವಾಗದಂತೆ — ಅದು ನನಗೆ ಆಗಲೇ ತಿಳಿಯಿತು — ನನ್ನ ಪಕ್ಕದಲ್ಲಿ ಕೂತು, "ನಂಗೂ ಈ ಕಣಿವೆ ನೋಡ್ಬೇಕಿತ್ತು, ಇಲ್ಲೇ ಕೂರೋಣ" ಎಂದಿರಿ. ಫ್ಲಾಸ್ಕಿನಿಂದ ಬಿಸಿನೀರು ಕೊಟ್ಟಿರಿ. ಭೂಮಿ ಸೀಳಿ ಆ ಕಣಿವೆ ಹೇಗಾಯಿತೆಂದು, ನನ್ನ ಉಸಿರು ಹದಕ್ಕೆ ಬರುವ ತನಕ, ಹೇಳುತ್ತಲೇ ಇದ್ದಿರಿ. ಹೀಗೆ ನಾಲ್ಕು ಕಡೆ ಕೂತೆವು. ತಲುಪಬೇಕಾದ ಹೊತ್ತಿಗಿಂತ ಎರಡು ಗಂಟೆ ತಡವಾಯಿತು.

ಸಿಗರೇಟು ಬಿಟ್ಟಿದ್ದೇನೆ ಎಂದು ರೇಖಾಳಿಗೆ ಮಾತು ಕೊಟ್ಟು ಒಂದು ವರ್ಷವಾಗಿತ್ತು. ಬಿಟ್ಟಿರಲಿಲ್ಲ. ಆಫೀಸಿನ ಹಿಂದೆ ನಿಂತು ದಿನಕ್ಕೆ ಏಳೆಂಟು ಸೇದುತ್ತಿದ್ದೆ. ಕೆಳಗೆ ಬಂದಾಗ ಅವಳು ನನ್ನ ಬಿಳಚಿದ ಮುಖವನ್ನೇ ನೋಡುತ್ತಿದ್ದಳು. ಏನಾಯಿತು, ಯಾಕಿಷ್ಟು ಹೊತ್ತು ಎಂದು ಗುರು ಕೇಳಿದ. ನಿಮ್ಮನ್ನು ಕೇಳಿದನೋ, ನನ್ನನ್ನೋ — ಉತ್ತರ ಕೊಟ್ಟವನು ನಾನು.

"ಟೀಚರ್‌ಗೆ ಸ್ವಲ್ಪ ಸುಸ್ತಾಯ್ತು. ಅಲ್ಲಲ್ಲಿ ಕೂತು ಬಂದ್ವಿ."

ನೀವು ಬಗ್ಗಿ ಶೂಸಿನ ದಾರ ಬಿಚ್ಚುತ್ತಿದ್ದಿರಿ. ಕೈ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಿರಿ, ರೇಖಾಳನ್ನು ನೋಡಿದಿರಿ. ಆಮೇಲೆ, "ಹೌದು, ತಡ ಆಯ್ತು" ಎಂದಿರಿ. ಅಷ್ಟೇ. ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಸುಳ್ಳನ್ನು ಮುರಿಯುವ ಅಕ್ಷರವೂ ಇರಲಿಲ್ಲ.

ಮನೆಗೆ ಹೋದ ಮೇಲೆ ಸರಿಪಡಿಸಬಹುದು ಎಂದುಕೊಂಡೆ — ನಿಜವಾಗಿ ಹಾಗೆಂದುಕೊಂಡೆನೋ ಅಥವಾ ಈಗ ಹಾಗೆ ಹೇಳಿಕೊಳ್ಳುತ್ತಿದ್ದೇನೋ, ಗೊತ್ತಿಲ್ಲ. ಆ ವಾರ ನಿಮ್ಮ ವೀಸಾಕ್ಕೆ ಅರ್ಜಿ ಕೊಡುವುದಿತ್ತು. ಗುರು ಅದನ್ನು ರದ್ದು ಮಾಡಿಸಿದ. ಆಸ್ಪತ್ರೆಗೆ ಕರೆದೊಯ್ದು ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿದ. ಏನೂ ತೊಂದರೆ ಕಾಣಲಿಲ್ಲ. ಕಾಣದಿದ್ದದ್ದೇ ಅವನನ್ನು ಇನ್ನಷ್ಟು ಹೆದರಿಸಿತು. ಕರೂರಾದ ನಡಿಗೆಯೂ ನಿಂತಿತು.

ಹೊರಡುವ ಮುಂಚಿನ ಗುರುವಾರ ಮಧ್ಯಾಹ್ನ ನೀವೇ ಐದನೇ ಮಹಡಿಗೆ ಬಂದು ನಕ್ಷೆ ಕೊಟ್ಟಿರಿ. ರೇಖಾ ಒಳಗೆ ಬಟ್ಟೆ ಜೋಡಿಸುತ್ತಿದ್ದಳು. ಹೇಳುವುದಿದ್ದರೆ ಅದೇ ಹೊತ್ತು. ನೀವೂ ಬಾಗಿಲಲ್ಲಿ ಸ್ವಲ್ಪ ಹೆಚ್ಚೇ ನಿಂತಿರಿ ಅನ್ನಿಸುತ್ತದೆ. ನಾನು ಥ್ಯಾಂಕ್ಸ್ ಟೀಚರ್ ಎಂದೆ. "ಬಂಡೆ ಮುಟ್ಟಿ ನೋಡಿ ಬಂದು ಹೇಳು. ಮಳೆನೀರು ಕೊರೆದ ಗೆರೆ ಬೆರಳಿಗೆ ಸಿಗುತ್ತಂತೆ" ಎಂದು ಹೇಳಿ ಇಳಿದು ಹೋದಿರಿ.

ಇನ್ನೊಂದನ್ನೂ ಹೇಳಬೇಕು. ಪಾರ್ನಿಥಾವನ್ನು ನಾನು ಹತ್ತಲಿಲ್ಲ. ಕಮರಿಯ ದಾರಿಯಲ್ಲಿ ಅರ್ಧ ಗಂಟೆ ನಡೆಯುವಷ್ಟರಲ್ಲಿ ಮಂಡಿ ನೋವೆಂದು ನೆಪ ಹೇಳಿ ರೇಖಾಳನ್ನು ಹಿಂದಕ್ಕೆ ಕರೆತಂದೆ. ಕೇಬಲ್ ಕಾರಿನಲ್ಲಿ ಮೇಲೆ ಹೋಗಿ, ಅಂಚಿನ ಕಂಬಿ ಹಿಡಿದು ಫೋಟೊ ತೆಗೆಸಿಕೊಂಡೆವು. ವಾಪಸು ಬಂದಾಗ ನೀವು ಕೇಳಿದಿರಿ, ಗೆರೆ ಸಿಕ್ಕಿತೇ ಎಂದು. ಸಿಕ್ಕಿತು ಎಂದೆ.

ನಂತರ ನಾವು ಮನೆ ಬದಲಾಯಿಸಿದೆವು. ನಿಮ್ಮಿಂದ ದೂರವಾಗಲೆಂದೇ ಅಲ್ಲ, ಆದರೆ ದೂರವಾದದ್ದು ನನಗೆ ಹಿತವಾಗಿತ್ತು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂದು ಹೋಗುತ್ತಿದ್ದೆವು. ಹೋದ ತಿಂಗಳು ದಿಯಾಳ ಹುಟ್ಟುಹಬ್ಬದಲ್ಲಿ ಅವಳ ಗೆಳತಿಯರು, ಅಜ್ಜಿಯನ್ನೂ ಪಿಕ್ನಿಕ್ಕಿಗೆ ಕರೆದುಕೊಂಡು ಹೋಗೋಣ ಎಂದರು. ದಿಯಾ ಇಂಗ್ಲಿಷಿನಲ್ಲಿ, ಬೇಡ, ಅಜ್ಜಿಗೆ ನಡೆಯಲಾಗುವುದಿಲ್ಲ, ಎನ್‌ಗಾಂಗ್‌ನಲ್ಲಿ ಒಮ್ಮೆ ಬಿದ್ದೇ ಹೋಗಿದ್ದರು ಎಂದಳು. ನೀವು ಕೇಕ್ ಹೆಚ್ಚುತ್ತಿದ್ದಿರಿ. ನನ್ನ ಕಡೆ ನೋಡಲೂ ಇಲ್ಲ. ನನ್ನ ಪಾಲಿನ ತುಂಡನ್ನು ತಟ್ಟೆಗೆ ಹಾಕಿಕೊಟ್ಟಿರಿ.

ವಾಪಸು ಬರುವಾಗ ಕಾರಿನಲ್ಲೇ ರೇಖಾಳಿಗೆ ಎಲ್ಲ ಹೇಳಿದೆ. "ಸಿಗರೇಟಿನ ವಿಷಯ ನಂಗೆ ಆಗಲೇ ಗೊತ್ತಿತ್ತು. ಇದು ಗೊತ್ತಿರಲಿಲ್ಲ" ಎಂದಳು. ಅಂದರೆ, ಟೀಚರ್, ಯಾವುದನ್ನು ಮುಚ್ಚಲು ನಿಮ್ಮನ್ನು ಮುಂದೆ ನಿಲ್ಲಿಸಿದೆನೋ ಅದು ಅವತ್ತು ಮುಚ್ಚಿಯೇ ಇರಲಿಲ್ಲ.

ನಿನ್ನೆ ಗುರುವಿನ ಆಫೀಸಿಗೆ ಹೋಗಿ ಅವನಿಗೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಅವತ್ತಿಂದ ಅಮ್ಮನ್ನ ಒಂದು ಮೆಟ್ಟಿಲೂ ಒಬ್ಬಳೇ ಹತ್ತೋಕೆ ಬಿಟ್ಟಿಲ್ಲ ಸತೀಶ ನಾನು" ಎಂದ. ನಾನು ಎದ್ದು ಬಂದೆ.

ನಿಮಗೆ ಈಗ ಎಪ್ಪತ್ತು. ನಡೆಯದೆ ನಡೆಯದೆ ಮೊಣಕಾಲು ನಿಜವಾಗಿಯೂ ಹಿಡಿದುಕೊಂಡಿದೆ ಎಂದು ನಿಮ್ಮ ಸೊಸೆ ಹೇಳಿದರು. ಆ ವರ್ಷಗಳನ್ನು ನಾನು ತಂದುಕೊಡಲಾರೆ. ಕ್ಷಮಿಸಿ ಎಂದು ಕೇಳಿದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ, ಅದು ಗೊತ್ತು, ಆದ್ದರಿಂದಲೇ ಕೇಳುವುದಿಲ್ಲ.

ಶನಿವಾರ ಮಧ್ಯಾಹ್ನ ಬರುತ್ತೇನೆ. ಗುರು, ನಿಮ್ಮ ಸೊಸೆ, ರೇಖಾ ಎಲ್ಲರೂ ಇರುತ್ತಾರೆ. ಅಂದು ಬಿದ್ದವನು ಯಾರೆಂದು ದಿಯಾಳಿಗೆ ನಾನೇ, ನಿಮ್ಮ ಎದುರಲ್ಲೇ, ಹೇಳುತ್ತೇನೆ. ಹೇಳುವಾಗ ನನ್ನ ಮಾತು ನಿಂತರೆ ನಿಲ್ಲಲಿ ಬಿಡಿ. ಈ ಸಲ ನನ್ನನ್ನು ಕಾಪಾಡಬೇಡಿ.