ಪರಾತದಲ್ಲಿ ಬರೆದ ಹೆಸರು

ನಮ್ಮ ಸೊಲ್ಲಾಪುರದ ಮನೆಯಲ್ಲಿ ನಾನು ದಿನವೂ ರೊಟ್ಟಿಗೆ, ಇಲ್ಲಿಯವರ ಭಕ್ಕರಿಗೆ, ಜೋಳದ ಹಿಟ್ಟು ನಾದುವ ಒಂದು ಹಿತ್ತಾಳೆಯ ಅಗಲ ಪರಾತವಿದೆ. ಮದುವೆಯ ದಿನ ಇದರಲ್ಲೇ, ಅಥವಾ ಇದರ ಜೋಡಿಯದರಲ್ಲಿ, ಅಕ್ಕಿ ಹರಡಿ, ಮದುಮಗನಾಗಿದ್ದ ನಮ್ಮವರು ಇಲ್ಲಿನ ಪದ್ಧತಿಯಂತೆ ಉಂಗುರದ ಅಂಚಿನಿಂದ ನನ್ನ ಹೊಸ ಹೆಸರನ್ನು ಮರಾಠಿಯಲ್ಲಿ ಬರೆದಿದ್ದರು. ಗಂಗವ್ವನಾಗಿ ಕುಳಿತವಳು ಪ್ರತಿಭಾ ಆಗಿ ಎದ್ದೆ. ಆಗ ನಕ್ಕೆನೆಂದು ನೆನಪು. ಆದರೆ ನನ್ನ ನೆನಪನ್ನು ಪೂರ್ತಿ ನಂಬಬೇಡಿ. ಫೋಟೋದಲ್ಲಿ ಮುಖ ಬಾಸಿಂಗದ ಮರೆಯಲ್ಲಿದೆ.

ಆ ಅಕ್ಕಿಯನ್ನು ಮೊನ್ನೆ ನೆನಪಿಗೆ ತಂದದ್ದು ಒಂದು ಲ್ಯಾಪ್‌ಟಾಪು. ಇಲ್ಲಿ ಕಾಲೇಜು ಓದುವ ನನ್ನ ಅಣ್ಣನ ಮಗಳು ಬೀರವ್ವ, ನನ್ನ ತವರು ಕರಜಗಿಯಿಂದ ಅಕ್ಕಲಕೋಟೆಯ ಮಾರ್ಗವಾಗಿ ಎಸ್‌ಟಿ ಬಸ್ಸಿನಲ್ಲಿ ಅದನ್ನು ಮಗುವಿನಂತೆ ಅವಚಿಕೊಂಡು ಬಂದಿದ್ದಳು. ಮನೆಯ ಕುರಿಮರಿಗಳ ತೂಕವನ್ನು ಗ್ರಾಫಿನಲ್ಲಿ ತೋರಿಸುವ ಪೈಥಾನ್ ಪ್ರೋಗ್ರಾಂ ಅವಳದು. ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ. ವಿಂಡೋಸ್‌ನಲ್ಲಿ ಪೈಥಾನ್ ಸುಲಭವಾಗಿ ಇಳಿಯಿತು. ಗ್ರಾಫಿಗಾಗಿ ಮೇಲೆ ಹಾಕಿಕೊಳ್ಳಬೇಕಾದ ಪ್ಯಾಕೇಜು ಮಾತ್ರ ಇಳಿಯಲೊಲ್ಲದು. ಕೆಂಪಕ್ಷರದ ದೂರನ್ನು ಓದಿದೆವು. ಲ್ಯಾಪ್‌ಟಾಪು ಮೊದಲ ದಿನ ಹೆಸರು ಕೇಳಿದಾಗ ಅವಳು ಕನ್ನಡದಲ್ಲಿ 'ಬೀರವ್ವ' ಎಂದು ಕೊಟ್ಟಿದ್ದಳು. ಪೈಥಾನ್ ಆ ಹೆಸರಿನ ಫೋಲ್ಡರಿನಲ್ಲೇ ಮನೆಮಾಡಿತ್ತು. ಆ ಹೆಸರನ್ನು ಓದಲಾಗದ ಪ್ಯಾಕೇಜು ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಸುರಿದಿತ್ತು. ಮರಾಠಿ ಶಾಲೆಯಲ್ಲಿ ಓದಿದ ಈ ಹುಡುಗಿಗೆ ಕನ್ನಡದಲ್ಲಿ ಬರೆಯಲು ಬರುವುದು ಅದೊಂದೇ ಶಬ್ದ. ಅವಳಜ್ಜಿಯ ಹೆಸರೂ ಅದೇ.

ಪಕ್ಕದಲ್ಲಿ ತಮ್ಮ ಮ್ಯಾಕ್ ಕಂಪ್ಯೂಟರಿನ ಮುಂದೆ ಗಿರಾಕಿಯೊಬ್ಬರ ಲಗ್ನಪತ್ರಿಕೆ ತಯಾರಿಸುತ್ತಿದ್ದ ನಮ್ಮವರು ತಲೆ ಎತ್ತದೆ ಅಂದರು: "ಇಂಗ್ಲಿಷ್‌ದಾಗ ಬ್ಯಾರೆ ಹೆಸರ ಹಾಕಿಬಿಡು, ಮುಗೀತು. ಹೆಸರಿನ್ಯಾಗ ಏನ್ ಐತಿ?"

ನಾನೂ ಅದನ್ನೇ ಹೇಳುವವಳಿದ್ದೆನೇನೋ. ಆದರೆ ಆ ಮಾತು ಅವರ ಬಾಯಿಂದ ಬಂದದ್ದೇ ತಡ, ನನ್ನ ಮೈಯೆಲ್ಲ ಉರಿಯಿತು.

"ಯಾಕ್ರಿ ಮಾಮಾ?" ಎಂದಳು ಬೀರವ್ವ. "ಹೆಸರ ಕೇಳಿದ್ದು ಅದು, ಹೇಳಿದಾಕಿ ನಾ. ಈಗ ತನಗ ತಿಳಿಯವಲ್ದಂದ್ರ ನನ್ನ ಹೆಸರ ಬದಲ ಮಾಡ್ಬೇಕಾ?"

ನೀವೇ ಹೇಳಿ, ಇದಕ್ಕೆ ಉತ್ತರವೇನು? ಕಾಲೇಜಿನ ಲಿನಕ್ಸ್ ಕಂಪ್ಯೂಟರುಗಳಲ್ಲಿ ಪೈಥಾನ್ ಮೊದಲೇ ಹಾಸಿ ಕುಳಿತಿರುತ್ತದಂತೆ, ಆದರೆ ಲಾಗಿನ್ನಿಗೆ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕೆಂದು ಹೊಸ್ತಿಲಲ್ಲೇ ತಡೆಯುತ್ತದೆ. ನಮ್ಮವರ ಮ್ಯಾಕು ಇನ್ನೂ ನಯವಂತ. ಕನ್ನಡ ಹೆಸರು ಕೊಟ್ಟರೆ ಅದನ್ನು ಬಾಗಿಲ ಮೇಲೆ ತೂಗುಹಾಕಿ, ಒಳಕೋಣೆಯಲ್ಲಿ ಇಂಗ್ಲಿಷಿನಲ್ಲಿ ಕರೆಯುತ್ತದೆ. ಜಗತ್ತಿಗೆಲ್ಲ ಪುಕ್ಕಟೆ ಎಂದು ಡಂಗುರ ಸಾರುವ ಈ ಪೈಥಾನ್ ಭಾಷೆಯ ಹಾದಿಯಲ್ಲಿ ಇಷ್ಟೊಂದು ಹೊಸ್ತಿಲುಗಳು! ಅಂತರ್ಜಾಲದಲ್ಲಿ ಹುಡುಕಿದರೆ ಎಲ್ಲರದೂ ಒಂದೇ ಬುದ್ಧಿವಾದ: ಹೆಸರು ಬದಲಿಸಿ. ಹೊಲದಾಚೆಯ ಹುಡುಗಿಯನ್ನು ಒಂದೇ ಕೂಗಿಗೆ ತಿರುಗಿಸುವ ಹೆಸರು ಯಂತ್ರದ ಪಾಲಿಗೆ ದೋಷವಾಯಿತು; ತಿದ್ದಿಕೊಳ್ಳಬೇಕಾದವಳು ಮಾತ್ರ ಹುಡುಗಿ. ಅಕ್ಕಿಯ ಮುಂದೆ ಕೂತ ನನಗೂ ಯಾರೂ ಕಾರಣ ಹೇಳಿರಲಿಲ್ಲ. ನಾನು ಕೇಳಿದ್ದೆನೇ? ಕೇಳಿದ್ದೆನೆಂದು ಬರೆಯುವ ಆಸೆಯಾಗುತ್ತದೆ; ಆದ್ದರಿಂದಲೇ ಬರೆಯುವುದಿಲ್ಲ.

ಸಂಜೆಯ ಹೊತ್ತಿಗೆ ಬೀರವ್ವ ಪೈಥಾನನ್ನು ಕಿತ್ತುಹಾಕಿ, ತನ್ನ ಹೆಸರಿನ ಫೋಲ್ಡರಿನಾಚೆ, ನೇರ ಸಿ ಡ್ರೈವಿನಲ್ಲಿ ಮತ್ತೆ ಹಾಕಿದಳು. "ನನ್ನ ಮನ್ಯಾಗ ಇರಾಕ ಆಗಂಗಿಲ್ಲಂದ್ರ ಅದು ಹೊರಗಿರ್ಲಿ, ಅತ್ತಿ. ನಾ ಯಾಕ ಹೋಗ್ಲಿ?" ಪ್ಯಾಕೇಜು ಇಳಿಯಿತು. ಪರದೆಯ ಮೇಲೆ ಮರಿಗಳ ತೂಕದ ಗೆರೆ ಗುಡ್ಡದಂತೆ ಏರಿತು.

ಮರುದಿನ ಅವಳು ಪರೀಕ್ಷೆಗೆ ಹೋದ ಮೇಲೆ ಪರಾತದಲ್ಲಿ ಹಿಟ್ಟು ಹರಡಿ, ಬೆರಳಿನಿಂದ ಕನ್ನಡದಲ್ಲಿ 'ಗಂಗವ್ವ' ಎಂದು ಬರೆದೆ. ನಮ್ಮವರು ಬಂದು ಬಗ್ಗಿ ನೋಡಿದರು. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು.

"ಏನ ಬರದೀ?"

"ಓದ್ರಿ," ಎಂದೆ.

ಮುಖದ ತುಂಬ ಅವೇ ಪ್ರಶ್ನಾರ್ಥಕ ಚಿಹ್ನೆಗಳು. ನೀರಿನ ತಂಬಿಗೆಯನ್ನು ದೂರ ಸರಿಸಿ, ಮೊದಲ ಅಕ್ಷರದ ಮೇಲೆ ಬೆರಳಿಟ್ಟು ಕಾದೆ. ಅಂದು ಭಕ್ಕರಿ ತಡವಾಯಿತು.