ಉಳಿದ ಎರಡಡಿ ಪೈಪು

ಯುದ್ಧದ ಕಾಲ, ಕಬ್ಬಿಣದ ಪೈಪು ಸಿಗುವುದೇ ದುಸ್ತರ. ಮದ್ದೂರಿನ ವಯಸ್ಸಾದ ಮೆಕ್ಯಾನಿಕ್ ಸಾಬರೊಬ್ಬರು ಎಲ್ಲೆಲ್ಲೋ ಅಲೆದು ನಮ್ಮ ಬಾವಿಯ ಎಂಜಿನ್ನಿಗೆ ಮೂವತ್ತೆರಡು ಅಡಿ ಪೈಪು ಹೊಂದಿಸಿ ತಂದಿದ್ದರು. ಬಾವಿಯ ನೀರು ಹೊಲದ ಕಾಲುವೆಗೆ ಹೋಗಬೇಕು. ನಡುವೆ ಗಾಡಿ ದಾರಿ, ಪೈಪನ್ನು ಹೂಳಲೇಬೇಕು. ಸಾಬರು ಬಾವಿಕಟ್ಟೆಗೆ ಹಗ್ಗದ ಒಂದು ತುದಿ ಕಟ್ಟಿ, ಇನ್ನೊಂದನ್ನು ಹಿಡಿದು ಕಾಲುವೆ ದಡದಲ್ಲಿ ನಡೆಯಲು ಹೊರಟರು. ಹಗ್ಗ ಎಲ್ಲಿ ತೀರಾ ಗಿಡ್ಡವಾಗುತ್ತದೋ ಅದೇ ಬಾವಿಗೆ ಹತ್ತಿರದ ಜಾಗ, ಅಲ್ಲಿ ಗೂಟ, ಅದು ಅವರ ಪದ್ಧತಿ.

ನಾನು ಮೈಸೂರಿನ ಕಾಲೇಜಿನಿಂದ ರಜೆಗೆ ವೈದ್ಯನಾಥಪುರಕ್ಕೆ ಬಂದಿದ್ದೆ. ತುಂಬಿದ ಕೊಡ ತುಳುಕುವುದಿಲ್ಲ, ನನ್ನದು ಅರೆಗೊಡ. "ಅಗ್ಗ ಯಾಕ್ ಸಾಬ್ರೇ, ಕಾಗ್ದದ್ ಮೇಲೇ ತೋರುಸ್ತೀನಿ ಬುಡಿ" ಎಂದು ನಕ್ಕೆ.

ಹೊಲದ ಎಲ್ಲೆಯ ಬಾಂದುಕಲ್ಲಿನಿಂದ ಬದುವಿನ ಮೇಲೆ ಐವತ್ತಡಿ ಹೋದರೆ ಬಾವಿ. ಅದೇ ಕಲ್ಲಿನಿಂದ ಹೊರಟ ಕಾಲುವೆ ಓರೆ: ಬದುವಿನುದ್ದಕ್ಕೆ ನಾಲ್ಕಡಿ ಹೋಗುವಷ್ಟರಲ್ಲಿ ಮೂರಡಿ ಆಚೆ ಸರಿಯುತ್ತಿತ್ತು. ಯಾವ ಬಿಂದುವನ್ನು ಕೊಟ್ಟರೂ ಕಾಲುವೆಯ ಮೇಲೆ ಇಳಿಸುವ ನಾಲ್ಕು ಅಂಕಿಗಳ ಚೌಕ, ಅಂದರೆ ಮ್ಯಾಟ್ರಿಕ್ಸ್, ಬರೆದೆ. ಇಳಿದ ಬಿಂದುವನ್ನು ಇನ್ನೊಮ್ಮೆ ಇಳಿಸಿ ನೋಡಿದೆ, ಕದಲಲಿಲ್ಲ. ಸರಿಯಿದೆ ಎಂದು ಗೂಟ ಹೊಡೆಸಿದೆ. ಓದಿದವನ ಮಾತೆಂದು ಸಾಬರು ಹಗ್ಗ ಸುತ್ತಿಟ್ಟರು.

ಆಳುಗಳು ಮಧ್ಯಾಹ್ನದವರೆಗೆ ಅಗೆದರು. ಪೈಪು ಇಟ್ಟು ನೋಡಿದರೆ ಐದೂವರೆ ಅಡಿ ಸಾಲದು.

ಅಪ್ಪ ಕೆಂಡವಾದರು. "ಏನ್ ಸಾಬ್ರೇ, ಅರ್ಧ ಮಾರ್ಕಂಡು ಬಂದ್ರಾ?"

"ಅಲ್ಲಾನಾಣೆ ಇಲ್ಲ ಗೌಡ್ರೇ, ತಂದಿದ್ದೇ ಇಷ್ಟು. ಇದ್ರಲ್ಲೇ ಆಯ್ತದೆ ಅಂದ್ಕಂಡಿದ್ದೆ."

ಸಾಬರು ನನ್ನ ಕಡೆ ನೋಡಿದರು. ನಾನು ಕಾಗದ ನೋಡಿದೆ. ತಪ್ಪು ಅಲ್ಲೇ ಕೂತಿತ್ತು. ಲಂಬವನ್ನು ಕಾಲುವೆಗೆ ಎಳೆಯುವ ಬದಲು ಬದುವಿಗೆ ಎಳೆದಿದ್ದೆ. ಬಿಂದು ಇಳಿದದ್ದೇನೋ ಕಾಲುವೆಯ ಮೇಲೇ, ಆದರೆ ಓರೆಯಾಗಿ. ನೆಟ್ಟಗೆ ಇಳಿಸಿದ್ದರೆ ಚೌಕದ ಬಲ ಮೇಲ್ಮೂಲೆಯಲ್ಲೂ ಎಡ ಕೆಳಮೂಲೆಯಲ್ಲೂ ಒಂದೇ ಅಂಕಿ ಬರಬೇಕು. ನನ್ನದರಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಮುಕ್ಕಾಲು. ಮತ್ತೆ ಬರೆದೆ: ಮೇಲಿನ ಸಾಲು ಹದಿನಾರು, ಹನ್ನೆರಡು, ಕೆಳಗಿನದು ಹನ್ನೆರಡು, ಒಂಬತ್ತು, ಎಲ್ಲವನ್ನೂ ಇಪ್ಪತ್ತೈದರಿಂದ ಭಾಗಿಸಿದ್ದು. ಕಲ್ಲಿನಿಂದ ಕಾಲುವೆಗುಂಟ ನಲವತ್ತಡಿ ನಡೆದರೆ ಆ ಜಾಗ. ಅಲ್ಲಿಂದ ಬಾವಿಗೆ ಬರೀ ಮೂವತ್ತು.

ತಪ್ಪು ನಂದು. ಎರಡೇ ಮಾತು, ಬಾಯಿಗೆ ಬರಲಿಲ್ಲ. ಬಂದದ್ದು ಇದು: "ಓಗ್ಲಿ ಬುಡಪ್ಪ, ಇರೋ ಪೈಪ್ಗೇ ಬೇರೆ ಜಾಗ ಲೆಕ್ಕ ಆಕ್ಕೊಡ್ತೀನಿ." ಇವತ್ತಿಗೂ ಆ ಮಾತು ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಸಂಜೆಗೆ ನೀರು ಹರಿಯಿತು. "ಸಾಬಿ ಕೈಕೊಟ್ರೂವೆ ನನ್ ಮಗ ಉಳಿಸ್ದ ಕಣ್ಲಾ" ಎಂದು ಅಪ್ಪ ಪಕ್ಕದ ಹೊಲದವರಿಗೆಲ್ಲ ಕೂಗಿ ಹೇಳಿದರು. ಸಾಬರು ಕೇಳಿಸಿಕೊಂಡೇ ಸ್ಪ್ಯಾನರು ಒರೆಸುತ್ತಿದ್ದರು. ಹೊರಡುವಾಗ, ಕತ್ತರಿಸಿ ಉಳಿದಿದ್ದ ಎರಡಡಿ ತುಂಡನ್ನು ನನ್ನ ಕೈಗಿತ್ತರು.

"ನಿಮ್ಮಪ್ಪಾರ್ಗೆ ತೋರ್ಸಿ ಚಿಕ್ಕಗೌಡ್ರೇ. ಒಂದಿಂಚೂ ನಾನ್ ಇಟ್ಕಂಡಿಲ್ಲ."

ನಾನು ತೋರಿಸಲಿಲ್ಲ. ಹುಲ್ಲಿನ ಮೆದೆಯ ಕೆಳಗೆ ತೂರಿಸಿದೆ.